ಸಾವಿನ ಲೆಕ್ಕ ಮತ್ತು ಅಳೆಯುವ ಕೋಲು

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)

ಭೂಮಿ, ಮೀಸಲಾತಿ, ದೌರ್ಜನ್ಯ ಇವುಗಳ ಬಗ್ಗೆ ನಾವು ಎಷ್ಟೋ ಶಿಬಿರಗಳಲ್ಲಿ ಮಾತಾಡಿದ್ದೇವೆ. ಇವತ್ತಿನ ವಿಷಯ ಕೇಳಿದರೆ ಕೆಲವರಿಗೆ ಆಕಳಿಕೆ ಬರಬಹುದು. ಕಾಯಿಲೆ ಮತ್ತು ಸಾವುಗಳ ಬಗ್ಗೆ ಸಂಶೋಧನೆ ಮಾಡುವವರು ಜನರನ್ನು ಮೇಲಿನವರು ಕೆಳಗಿನವರು ಅಂತ ಹೇಗೆ ವಿಂಗಡಿಸುತ್ತಾರೆ, ಯಾವ ಕೋಲು ಹಿಡಿದು ಅಳೆಯುತ್ತಾರೆ ಅನ್ನೋದು ವಿಷಯ. ಒಣ ಲೆಕ್ಕಾಚಾರ ಅನ್ನಿಸ್ತದೆ. ಆದರೆ ನಿಮ್ಮಲ್ಲಿ ಡಾಕ್ಟರಿಕೆ ಓದೋರಿದ್ದೀರಿ, ನರ್ಸಿಂಗ್ ಓದೋರಿದ್ದೀರಿ, ಸಮಾಜಕಾರ್ಯ ಓದೋರಿದ್ದೀರಿ. ನಿಮ್ಮ ಕೈಗೆ ಒಂದು ಫಾರಂ ಕೊಟ್ಟು, ಹೋಗಿ ಇಪ್ಪತ್ತು ಮನೆ ಬರಕೊಂಡು ಬನ್ನಿ ಅಂತಾರೆ. ಉಳಿದವರ ಮನೆ ಬಾಗಿಲಿಗೆ ಅದೇ ಫಾರಂ ಹಿಡಿದು ಯಾರೋ ಬರ್ತಾರೆ. ಬರೆಯೋ ಕಡೆಯೂ ನಾವೇ, ಬರೆಸಿಕೊಳ್ಳೋ ಕಡೆಯೂ ನಾವೇ. ಆದ್ದರಿಂದ ಆ ಫಾರಂನಲ್ಲಿ ಏನಿದೆ, ಏನಿಲ್ಲ ಅಂತ ನಾವು ತಿಳಕೊಂಡಿರಬೇಕು.

ಮೊದಲು ಈ ಕೋಲು ಎಲ್ಲಿ ತಯಾರಾಯ್ತು ಅಂತ ನೋಡೋಣ. ಇಂಗ್ಲೆಂಡಿನಲ್ಲಿ ಯಾರಾದರೂ ಸತ್ತರೆ ಮರಣ ರಿಜಿಸ್ಟರಿನಲ್ಲಿ ಅವರ ಕಸುಬನ್ನೂ ಬರೆಯುವ ಪದ್ಧತಿ ಹತ್ತೊಂಬತ್ತನೇ ಶತಮಾನದಿಂದಲೇ ಇತ್ತು. ಅಲ್ಲಿನ ರಿಜಿಸ್ಟ್ರಾರ್ ಜನರಲ್ ಕಚೇರಿಯಲ್ಲಿ ಸ್ಟೀವನ್‌ಸನ್ ಅಂತ ಒಬ್ಬ ಅಂಕಿಅಂಶ ಅಧಿಕಾರಿ. ಆತ 1911ರ ಲೆಕ್ಕ ಹಿಡಿದು ಎಳೆಮಕ್ಕಳ ಸಾವನ್ನು ತಂದೆಯ ಕಸುಬಿನ ಪ್ರಕಾರ ಎಂಟು ಗುಂಪು ಮಾಡಿ ಅಚ್ಚು ಹಾಕಿಸಿದ. ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬೋದರೊಳಗೆ ಸತ್ತವರು ಮೇಲಿನ ಮತ್ತು ಮಧ್ಯಮ ವರ್ಗದಲ್ಲಿ 76. ಕೌಶಲವಿಲ್ಲದ ಕೂಲಿಗಳಲ್ಲಿ 153. ಗಣಿಯೊಳಗೆ ದುಡಿಯುವವರ ಮನೆಗಳಲ್ಲಿ 160. ಅದೇ ದೇಶ, ಅದೇ ರಾಜ, ಅದೇ ದೇವರು, ಎಲ್ಲರೂ ಬಿಳಿಯರೇ. ಒಂದು ಮಗು ಸಾಯುವ ಕಡೆ ಎರಡು ಮಗು ಸತ್ತವು.

ಆ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇದೆ, ಅದನ್ನ ಮರೀಬೇಡಿ. ಹೊಲದ ಕೂಲಿಗಳು. ಅವರೂ ಕಡುಬಡವರೇ. ಆದರೆ ಅವರ ಮನೆಗಳಲ್ಲಿ ಸತ್ತ ಮಕ್ಕಳು ಸಾವಿರಕ್ಕೆ 97 ಮಾತ್ರ. ಪಟ್ಟಣದ ಕುಶಲ ಕೆಲಸಗಾರರಿಗಿಂತಲೂ ಕಡಿಮೆ. ದುಡ್ಡು ಅವರ ಕೈಲೂ ಇರಲಿಲ್ಲ. ಅವರ ಗುಡಿಸಲು ಗಾಳಿ ಬೆಳಕು ಇರೋ ಹಳ್ಳಿಯಲ್ಲಿತ್ತು, ಪಟ್ಟಣದ ಕೂಲಿಯ ಮನೆ ಚರಂಡಿ ಪಕ್ಕದ ಗಲ್ಲಿಯಲ್ಲಿತ್ತು. ಅಂದರೆ ಎಷ್ಟು ಸಂಪಾದನೆ ಅನ್ನೋದರ ಜೊತೆಗೆ ಮನೆ ಎಲ್ಲಿದೆ ಅನ್ನೋದೂ ಮಗುವನ್ನ ಉಳಿಸ್ತದೆ ಅಥವಾ ಕೊಲ್ತದೆ. ಊರು ಬೇರೆ ಕೇರಿ ಬೇರೆ ಆಗಿರೋ ನಾಡಿನವರಾದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈ ಸ್ಟೀವನ್‌ಸನ್ ಸಾಹೇಬನ ಬಗ್ಗೆ ಒಂದು ಮಾತು. ಬಡವರ ರಕ್ತವೇ ಕೀಳು, ಅದಕ್ಕೇ ಅವರ ಮಕ್ಕಳು ಸಾಯ್ತಾವೆ ಅಂತ ವಾದಿಸುವ ದೊಡ್ಡ ಗುಂಪು ಆಗ ಇಂಗ್ಲೆಂಡಿನಲ್ಲಿತ್ತು. ಈತ ಆ ಗುಂಪಿನವನಲ್ಲ. ಆದರೆ 1928ರಲ್ಲಿ ಆತ ಬರೆದದ್ದೇನು ಅಂದರೆ, ಮೇಲಿನವರು ಕಡಿಮೆ ಸಾಯೋದಕ್ಕೆ ಅವರ ಐಶ್ವರ್ಯಕ್ಕಿಂತ ಅವರ ಸಂಸ್ಕೃತಿ, ತಿಳಿವಳಿಕೆ ಮುಖ್ಯ ಕಾರಣ ಅಂತ. ಸಂಬಳ ಕಡಿಮೆ ಇರೋ ಪಾದ್ರಿಗಳು ಹೆಚ್ಚು ಕಾಲ ಬದುಕೋದನ್ನ ಆತ ತೋರಿಸಿದ. ಅಲ್ಲಪ್ಪ, ನಿನ್ನದೇ ಪಟ್ಟಿಯ ಹೊಲದ ಕೂಲಿಗೆ ಯಾವ ಸಂಸ್ಕೃತಿ ಇತ್ತು ಅಂತ ಕೇಳಬೇಕು. ಈ ಮಾತನ್ನ ನಾವು ಎಲ್ಲೋ ಕೇಳಿದೀವಲ್ಲ? ನಿಮ್ಮ ಕೇರಿಯೋರಿಗೆ ಶುಚಿತ್ವ ಗೊತ್ತಿಲ್ಲ, ಅದಕ್ಕೇ ಕಾಯಿಲೆ ಅಂತಾರಲ್ಲ, ಅದೇ ಮಾತು. ನಲ್ಲಿ ಊರೊಳಗೆ, ಚರಂಡಿಯ ಬಾಯಿ ಕೇರಿಗೆ, ಶುಚಿತ್ವದ ಪಾಠ ಮಾತ್ರ ನಮಗೆ.

ಮುಂದೆ ಆ ಎಂಟು ಗುಂಪು ಐದು ವರ್ಗಗಳಾದವು. ಒಂದನೆಯದು ಡಾಕ್ಟರು ವಕೀಲರಂಥವರದು, ಐದನೆಯದು ಕೌಶಲವಿಲ್ಲದ ಕೂಲಿಗಳದು. ಈ ಕೋಲಿನಲ್ಲಿ ಡೊಂಕು ಬೇಕಾದಷ್ಟಿತ್ತು. ಮದುವೆಯಾದ ಹೆಂಗಸು ತಾನು ಏನೇ ದುಡಿದರೂ ಗಂಡನ ವರ್ಗಕ್ಕೇ ಸೇರಿಸಿಬಿಡೋರು. ಗಂಡ ಸತ್ತಾಗ ಹೆಂಡತಿ ರಿಜಿಸ್ಟರಿನಲ್ಲಿ ಅವನ ಕಸುಬನ್ನ ಒಂದು ಮೆಟ್ಟಿಲು ಏರಿಸಿ ಬರೆಸೋದೂ ಇತ್ತು. ಪಾಪ, ಸತ್ತ ಮೇಲಾದರೂ ಮರ್ಯಾದೆ ಇರಲಿ ಅಂತ. ಇಷ್ಟೆಲ್ಲ ಡೊಂಕಿದ್ದರೂ ಆ ಕೋಲನ್ನ ಅವರು ಬಿಸಾಡಲಿಲ್ಲ. ತಿದ್ದುತ್ತಾ ತಿದ್ದುತ್ತಾ 2001ರಲ್ಲಿ ಹೊಸ ಪದ್ಧತಿ ತರೋವರೆಗೂ ಹಿಡಿದುಕೊಂಡೇ ಬಂದರು. ಹತ್ತತ್ತು ವರ್ಷಕ್ಕೊಮ್ಮೆ ಅದೇ ಕೋಲು, ಅದೇ ಪ್ರಶ್ನೆ. ಯಾರು ಹೆಚ್ಚು ಸತ್ತರು?

ಇದರಿಂದ ಏನಾಯ್ತು ಕೇಳಿ. 1948ರಲ್ಲಿ ಅಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆ ಬಂತು. ಇನ್ನು ಬಡವ ಬಲ್ಲಿದ ಅಂತ ಭೇದ ಇರಲ್ಲ ಅಂದುಕೊಂಡರು. 1977ರಲ್ಲಿ ಲೇಬರ್ ಸರ್ಕಾರ ಸರ್ ಡಗ್ಲಾಸ್ ಬ್ಲ್ಯಾಕ್ ಅನ್ನೋ ವೈದ್ಯರ ನೇತೃತ್ವದಲ್ಲಿ ಒಂದು ಸಮಿತಿ ನೇಮಿಸಿತು. ವರದಿ ಸಿದ್ಧವಾದದ್ದು 1980ರಲ್ಲಿ. ಅಷ್ಟು ಹೊತ್ತಿಗೆ ಥ್ಯಾಚರ್ ಸರ್ಕಾರ ಬಂದಿತ್ತು. ವರದಿ ಏನು ಹೇಳ್ತು ಅಂದರೆ, ಮೂವತ್ತೆರಡು ವರ್ಷ ಉಚಿತ ಆಸ್ಪತ್ರೆ ನಡೆದರೂ ಹುಟ್ಟಿದ ತಿಂಗಳೊಳಗೆ ಸಾಯೋ ಮಕ್ಕಳು ಐದನೇ ವರ್ಗದಲ್ಲಿ ಒಂದನೇ ವರ್ಗದ ಎರಡರಷ್ಟಿದ್ದಾರೆ, ಕಾರಣ ಆಸ್ಪತ್ರೆಯ ಹೊರಗಿದೆ, ಮನೆಯಲ್ಲಿ, ಕೂಲಿಯಲ್ಲಿ, ಕೆಲಸದ ಜಾಗದಲ್ಲಿ ಇದೆ ಅಂತ. ಇದಕ್ಕೆ ಸರ್ಕಾರ ಖರ್ಚು ಮಾಡಬೇಕು ಅಂತಲೂ ಹೇಳ್ತು. ಮಂತ್ರಿಗೆ ಇದು ಬೇಕಾಗಿರಲಿಲ್ಲ. ಅಷ್ಟು ಹಣ ಎಲ್ಲಿಂದ ತರೋದು ಅಂತ ಮುನ್ನುಡಿಯಲ್ಲೇ ಕೈ ಆಡಿಸಿಬಿಟ್ಟ. ವರದಿಯನ್ನ ಪುಸ್ತಕವಾಗಿ ಅಚ್ಚು ಹಾಕಿಸಲಿಲ್ಲ. ಟೈಪ್ ಮಾಡಿದ ಹಾಳೆಗಳನ್ನ 260 ಪ್ರತಿ ತೆಗೆಸಿ, ಆಗಸ್ಟ್ ತಿಂಗಳ ರಜೆಯ ದಿನಗಳಲ್ಲಿ, ಯಾರೂ ಪೇಪರ್ ಓದದ ಹೊತ್ತಿನಲ್ಲಿ ಹೊರಬಿಟ್ಟರು. ಗೆಳೆಯರೇ, ನಮ್ಮ ಈ ಪತ್ರಿಕೆಯ ಹಾಗೇ ಅದೂ ಹಾಳೆ ಹಾಳೆಯಾಗಿ ಕೈಯಿಂದ ಕೈಗೆ ಹೋಯ್ತು. ಮುಚ್ಚಿಡಬೇಕು ಅಂದುಕೊಂಡದ್ದೇ ಸುದ್ದಿಯಾಯ್ತು. 1982ರಲ್ಲಿ ಪೆಂಗ್ವಿನ್‌ನವರು ಅದನ್ನ ಅಗ್ಗದ ಪುಸ್ತಕ ಮಾಡಿದರು, ಲೋಕವೆಲ್ಲ ಓದಿತು. ಎಪ್ಪತ್ತು ವರ್ಷದ ಲೆಕ್ಕ ಬೆನ್ನಿಗಿದ್ದದ್ದರಿಂದ ಯಾವ ಮಂತ್ರಿಗೂ ಅದು ಸುಳ್ಳು ಅನ್ನೋಕೆ ಆಗಲಿಲ್ಲ.

ಅದೇ ಲಂಡನ್ನಿನ ಇನ್ನೊಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ವೈಟ್‌ಹಾಲ್ ಅಂದರೆ ಅಲ್ಲಿನ ವಿಧಾನಸೌಧ ಇದ್ದ ಹಾಗೆ, ಸರ್ಕಾರಿ ಕಚೇರಿಗಳ ಬೀದಿ. 1967ರಿಂದ ಅಲ್ಲಿನ ಸುಮಾರು 18 ಸಾವಿರ ಗಂಡಸು ನೌಕರರನ್ನ ಪರೀಕ್ಷೆ ಮಾಡಿ, ಮುಂದೆ ಯಾರು ಯಾವಾಗ ಯಾಕೆ ಸತ್ತರು ಅಂತ ಬರಕೊಂಡರು. ಇವರ್ಯಾರೂ ಹೊಟ್ಟೆಗಿಲ್ಲದವರಲ್ಲ. ಎಲ್ಲರಿಗೂ ಸಂಬಳ, ಎಲ್ಲರಿಗೂ ಉಚಿತ ಆಸ್ಪತ್ರೆ. ಆದರೂ ಹೃದಯದ ಕಾಯಿಲೆಯಿಂದ ಸಾಯೋರು ದೊಡ್ಡ ಸಾಹೇಬರಿಗಿಂತ ಬಾಗಿಲು ಕಾಯುವ, ಫೈಲು ಹೊರುವ ಜವಾನರಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕಕ್ಕೆ ತಗೊಂಡರೂ ಅರ್ಧ ಅಂತರಕ್ಕೂ ಕಾರಣ ಸಿಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಸಾವು ಕೊಟ್ಟಕೊನೆಯವರಲ್ಲಿ ಮಾತ್ರ ಹೆಚ್ಚಿರಲಿಲ್ಲ. ಸಾಹೇಬನ ಕೆಳಗಿನವನು ಸಾಹೇಬನಿಗಿಂತ ಹೆಚ್ಚು, ಗುಮಾಸ್ತ ಅವನಿಗಿಂತ ಹೆಚ್ಚು, ಜವಾನ ಗುಮಾಸ್ತನಿಗಿಂತ ಹೆಚ್ಚು. ಮೆಟ್ಟಿಲು ಮೆಟ್ಟಿಲಾಗಿ ಸಾವು ಇಳಿದು ಬಂದಿತ್ತು. ಶ್ರೇಣೀಕೃತ ಅಸಮಾನತೆ ಅನ್ನೋ ಮಾತನ್ನ ನಮಗೆ ಕೊಟ್ಟವರು ಬಾಬಾಸಾಹೇಬರು. ಅದರಿಂದ ಜೀವ ಹೋಗುತ್ತೆ ಅನ್ನೋದಕ್ಕೆ ಲಂಡನ್ನಿನ ಕಚೇರಿಯೊಳಗೇ ಪುರಾವೆ ಸಿಕ್ತು. ಅಲ್ಲಿ ಮೆಟ್ಟಿಲು ಹುದ್ದೆಯದು. ಇಲ್ಲಿ ಹುಟ್ಟಿನದು.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮವರು ಯಾವ ಕೋಲು ಮಾಡಿಕೊಂಡರು?

1961ರಲ್ಲಿ ಬಿ.ಜಿ. ಪ್ರಸಾದ್ ಅನ್ನೋರು ಒಂದು ಪಟ್ಟಿ ಮಾಡಿದರು. ಬರೀ ದುಡ್ಡು. ಮನೆಯಲ್ಲಿ ತಲೆಗೆ ತಿಂಗಳಿಗೆ 100 ರೂಪಾಯಿ ಮೇಲಿದ್ದರೆ ಒಂದನೇ ವರ್ಗ, 15ಕ್ಕಿಂತ ಕಡಿಮೆ ಇದ್ದರೆ ಐದನೇ ವರ್ಗ. ಬೆಲೆ ಏರಿದ ಹಾಗೆ ಈ ಅಂಕಿಗಳನ್ನ ಏರಿಸಿಕೊಂಡು ಇವತ್ತಿಗೂ ವೈದ್ಯ ಕಾಲೇಜುಗಳಲ್ಲಿ ಬಳಸ್ತಾರೆ. ಕೂಲಿ ಮಾಡೋರನ್ನ ತಿಂಗಳಿಗೆ ಎಷ್ಟು ಬರುತ್ತೆ ಅಂದರೆ ಏನು ಹೇಳ್ತಾರೆ? ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಬರೆಯೋನು ಒಂದು ಅಂದಾಜು ಬರಕೋತಾನೆ. ಅದನ್ನ ಅಲ್ಲಿಗೇ ಬಿಡೋಣ.

ಪಟ್ಟಣಗಳಿಗೆ ಕುಪ್ಪುಸ್ವಾಮಿಯವರ ಮಾಪನ, 1976ರದು. ನಿಮ್ಮಲ್ಲಿ ಡಾಕ್ಟರಿಕೆಯವರಿಗೆ ಬಾಯಿಪಾಠ ಇರುತ್ತೆ. ಮನೆ ಯಜಮಾನನ ಓದಿಗೆ 1ರಿಂದ 7 ಅಂಕ, ಕೆಲಸಕ್ಕೆ 1ರಿಂದ 10, ಆದಾಯಕ್ಕೆ 1ರಿಂದ 12. ಕೂಡಿದರೆ ಅತಿ ಹೆಚ್ಚು 29. ಇದರೊಳಗೆ ನಮ್ಮವರನ್ನ ಕೂರಿಸಿ ನೋಡಿ. ಕೌಶಲವಿಲ್ಲದ ಕೆಲಸಗಾರನಿಗೆ 2 ಅಂಕ. ಅಂಗಡಿಯಲ್ಲಿ ಮೂಟೆ ಹೊರುವವನಿಗೂ 2, ಮ್ಯಾನ್‌ಹೋಲಿಗೆ ಇಳಿಯುವವನಿಗೂ 2. ಒಬ್ಬ ಸಂಜೆ ಬೆವರು ಒರೆಸಿಕೊಂಡು ಮನೆಗೆ ಬರ್ತಾನೆ. ಇನ್ನೊಬ್ಬ ಬರ್ತಾನೋ ಇಲ್ಲವೋ ಗೊತ್ತಿಲ್ಲ. ಮಲ ಹೊರುವ ಪದ್ಧತಿಯನ್ನ 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾನೂನು ಮಾಡಿ ನಿಷೇಧಿಸಿದ್ದಾರೆ. ಆಮೇಲೂ ಗುಂಡಿಯೊಳಗೆ ಉಸಿರು ಕಟ್ಟಿ ಸತ್ತವರು ಯಾವ ಕೇರಿಯವರು ಅಂತ ಎಲ್ಲರಿಗೂ ಗೊತ್ತು, ಈ ಮಾಪನಕ್ಕೆ ಮಾತ್ರ ಗೊತ್ತಿಲ್ಲ. ಅದಕ್ಕೆ ಅವನೊಬ್ಬ ಎರಡು ಅಂಕದ ಮನುಷ್ಯ.

ಇನ್ನು ಮೇಲಕ್ಕೆ ಹೋಗಿ. ನಮ್ಮಲ್ಲೊಬ್ಬ ಪದವಿ ಮುಗಿಸಿ ಹೈಸ್ಕೂಲು ಮೇಷ್ಟ್ರಾದ ಅನ್ನಿ. ಓದಿಗೆ ಅಂಕ ಬಂತು, ಕೆಲಸಕ್ಕೆ ಬಂತು, ಸಂಬಳಕ್ಕೆ ಬಂತು. ಅವನ ಹಾಳೆಯೂ ಅದೇ ಶಾಲೆಯ ಮೇಲ್ಜಾತಿ ಮೇಷ್ಟ್ರ ಹಾಳೆಯೂ ಅಕ್ಷರ ವ್ಯತ್ಯಾಸವಿಲ್ಲದೆ ಒಂದೇ. ಬಾಡಿಗೆ ಮನೆ ಕೇಳಿಕೊಂಡು ಹೋದಾಗ ಯಾವ ಜನ ಅಂತ ಕೇಳಿಸಿಕೊಂಡವನು ಇವರಿಬ್ಬರಲ್ಲಿ ಯಾರು? ತಿಂಗಳ ಸಂಬಳದಲ್ಲಿ ಊರಿನ ಸಾಲ, ತಂಗಿಯ ಮದುವೆ, ಅಪ್ಪನ ಔಷಧಿ ಕಳೆದು ಉಳಿಯೋದು ಯಾರಿಗೆ? ಇನ್ನೊಬ್ಬನಿಗೆ ಊರಲ್ಲಿ ತೋಟ ಇದೆ, ಫಾರಂ ಅದನ್ನ ಕೇಳೋದೇ ಇಲ್ಲ. ಯಜಮಾನ ಅಂದರೆ ಗಂಡಸು ಅನ್ನೋದು ಇನ್ನೊಂದು ತಮಾಷೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೀದಿ ಗುಡಿಸಿ ಮನೆ ನಡೆಸೋಳು ಅವ್ವ. ಫಾರಂನಲ್ಲಿ ಬರೋದು ಅಪ್ಪನ ಕೆಲಸ.

ಹಾಗಾದರೆ ಜಾತಿಯನ್ನ ಯಾರೂ ಲೆಕ್ಕಕ್ಕೆ ಹಿಡಿದೇ ಇಲ್ಲವೇ? ಹಿಡಿದಿದ್ದಾರೆ. ಹೇಗೆ ಅಂತ ಕೇಳಿ. ಹಳ್ಳಿಗಳಿಗಾಗಿ ಉದಯ್ ಪಾರೀಕ್ ಮತ್ತು ತ್ರಿವೇದಿ ಅನ್ನೋರು 1964ರಲ್ಲಿ ಒಂದು ಮಾಪನ ಮಾಡಿದರು. ಒಂಬತ್ತು ಬಾಬ್ತು. ಜಾತಿ, ಕಸುಬು, ಓದು, ಸಂಘಗಳ ಸದಸ್ಯತ್ವ, ಜಮೀನು, ಮನೆ, ಉಳುವ ದನ, ಸಾಮಾನು ಸರಂಜಾಮು, ಕುಟುಂಬ. ಜಾತಿಗೆ ಆರು ಅಂಕ. ಪರಿಶಿಷ್ಟ ಜಾತಿಗೆ 1, ಮೇಲೆ ಮೇಲೆ ಹೋಗಿ ಊರಾಳುವ ಜಾತಿಗೆ 6. ಹಳ್ಳಿಯಲ್ಲಿ ಜಾತಿ ಇಲ್ಲದೆ ಸ್ಥಾನಮಾನ ಇಲ್ಲ ಅಂತ ಒಪ್ಪಿಕೊಂಡರಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕರೇ. ಆದರೆ ಆಮೇಲೆ ಎಲ್ಲ ಅಂಕವನ್ನೂ ಕೂಡಿಬಿಟ್ಟರು. ಎತ್ತಿಗಿಷ್ಟು, ರೇಡಿಯೋಗಿಷ್ಟು, ಜಾತಿಗಿಷ್ಟು. ಜಾತಿಯಲ್ಲಿ ಐದು ಅಂಕ ಕಡಿಮೆ ಇದ್ದವನು ಜಮೀನಿನಲ್ಲೋ ದನದಲ್ಲೋ ತುಂಬಿಕೊಂಡು ಸಮ ಆಗಬಹುದು ಅಂತ ಈ ಕೂಡುವ ಲೆಕ್ಕದ ಅರ್ಥ. ಒಂದು ಜೊತೆ ಎತ್ತು ಕೊಂಡರೆ ಹೋಟೆಲಿನಲ್ಲಿ ಲೋಟ ಬದಲಾಗುತ್ತಾ? ಎತ್ತು ಕೊಂಡದ್ದಕ್ಕೇ ಹೊಡೆಸಿಕೊಂಡವರು ನಮ್ಮಲ್ಲಿದ್ದಾರೆ.

ಇತ್ತೀಚೆಗೆ ಬಂದದ್ದು ಸಾಮಾನಿನ ಲೆಕ್ಕ. ಮನೆಯಲ್ಲಿ ಫ್ಯಾನ್ ಇದೆಯಾ, ಟಿ.ವಿ. ಇದೆಯಾ, ಗೋಡೆ ಯಾವುದು, ಕಕ್ಕಸು ಎಂಥದು ಅಂತ ಕೇಳಿ ಜನರನ್ನ ಐದು ಪಾಲು ಮಾಡ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದನ್ನೇ ಬಳಸೋದು. ಆ ಸಮೀಕ್ಷೆ ಜಾತಿಯನ್ನ ಬೇರೆಯಾಗಿಯೂ ಕೇಳ್ತದೆ ಅನ್ನೋದು ಅದರ ದೊಡ್ಡ ಉಪಕಾರ. 2005-06ರ ಸಮೀಕ್ಷೆಯಲ್ಲಿ ವರ್ಷದೊಳಗೆ ಸತ್ತ ಮಕ್ಕಳು ಸಾವಿರಕ್ಕೆ ಪರಿಶಿಷ್ಟ ಜಾತಿಯಲ್ಲಿ 66, ಪರಿಶಿಷ್ಟ ಪಂಗಡದಲ್ಲಿ 62, ಹಿಂದುಳಿದವರಲ್ಲಿ 57, ಇತರರಲ್ಲಿ 49. ಐದು ವರ್ಷದೊಳಗಿನ ಲೆಕ್ಕ ತೆಗೆದರೆ ಪರಿಶಿಷ್ಟ ಪಂಗಡ 96ಕ್ಕೆ ಏರುತ್ತೆ, ಪರಿಶಿಷ್ಟ ಜಾತಿ 88, ಇತರರು 59. ವರ್ಷ ದಾಟಿದ ಮೇಲೆ ಆದಿವಾಸಿ ಮಗುವಿನ ಕಷ್ಟ ಇನ್ನೂ ಜಾಸ್ತಿ ಅಂತ ಇದರಿಂದ ಗೊತ್ತಾಗ್ತದೆ. ಒಂದೇ ಅಂಕಿ ನೋಡಿದ್ದರೆ ಗೊತ್ತಾಗ್ತಿರಲಿಲ್ಲ.

ಈ ಅಂಕಿ ತೋರಿಸಿದ ಕೂಡಲೇ ಕೆಲವು ವಿದ್ವಾಂಸರು ಎದ್ದು ಹೇಳ್ತಾರೆ, ಅಯ್ಯೋ ಇದು ಜಾತಿಯಿಂದಲ್ಲ, ಬಡತನದಿಂದ, ಆದಾಯ ಸಮ ಮಾಡಿ ನೋಡಿ, ಅಂತರ ಕಡಿಮೆಯಾಗುತ್ತೆ ಅಂತ. ಈ ಜಾಗದಲ್ಲಿ ನಾವು ಎಚ್ಚರವಾಗಿರಬೇಕು. ಸಮ ಮಾಡಿ ನೋಡೋದು ಅಂದರೆ ಒಂದೇ ಆದಾಯದ, ಒಂದೇ ಓದಿನ ಎರಡು ಜಾತಿಯವರನ್ನ ಮಾತ್ರ ಪಕ್ಕಪಕ್ಕ ಇಟ್ಟು ಹೋಲಿಸೋದು. ಸರಿ. ಆದರೆ ನಮಗೆ ಜಮೀನು ಯಾಕಿಲ್ಲ? ಅಜ್ಜನಿಗೆ ಅಕ್ಷರ ಯಾಕಿರಲಿಲ್ಲ? ಆ ಬಡತನವನ್ನ ಹೆತ್ತದ್ದೇ ಜಾತಿ. ಕೈಕಾಲು ಕಟ್ಟಿ ಬಾವಿಗೆ ತಳ್ಳಿ, ಇವನು ಸತ್ತದ್ದು ತಳ್ಳಿದ್ದರಿಂದಲ್ಲ, ನೀರಿನಿಂದ ಅಂದ ಹಾಗಾಯ್ತು. ಸಮ ಮಾಡಿದ ಮೇಲೆ ಉಳಿಯುವ ಅಂತರ ಜಾತಿ ಮಾಡಿದ್ದರ ಒಂದು ಭಾಗ ಮಾತ್ರ, ಪೂರ್ತಿಯಲ್ಲ. ಅದಕ್ಕೇ ಸಮ ಮಾಡುವ ಮುಂಚಿನ ಅಂಕಿಯನ್ನೂ ಆಮೇಲಿನ ಅಂಕಿಯನ್ನೂ ಎರಡನ್ನೂ ಅಚ್ಚು ಹಾಕಿ ಅಂತ ನಾವು ಕೇಳಬೇಕು.

ಹಾಗೆ ಎರಡನ್ನೂ ಇಟ್ಟು ನೋಡಿದವರಿದ್ದಾರೆ. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಒಡಿಶಾ ಸೇರಿ ಒಂಬತ್ತು ರಾಜ್ಯಗಳ ಸರ್ಕಾರಿ ಸಮೀಕ್ಷೆ ಹಿಡಿದು 2022ರಲ್ಲಿ ಪ್ರಕಟವಾದ ಅಧ್ಯಯನ ಅದು. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯುಷ್ಯ 4 ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದು 3 ವರ್ಷಕ್ಕೂ ಹೆಚ್ಚು ಕಡಿಮೆ, ಮುಸ್ಲಿಮರದು ಸುಮಾರು 1 ವರ್ಷ ಕಡಿಮೆ. ಆರ್ಥಿಕ ಸ್ಥಿತಿಯನ್ನ ಲೆಕ್ಕಕ್ಕೆ ತಗೊಂಡರೂ ಈ ಅಂತರದ ಅರ್ಧಕ್ಕೂ ವಿವರಣೆ ಸಿಗಲಿಲ್ಲ. ವೈಟ್‌ಹಾಲಿನಲ್ಲಿ ಸಿಗರೇಟು ಲೆಕ್ಕ ಹಾಕಿದಾಗ ಆದ ಹಾಗೇ ಇಲ್ಲೂ ಆಯ್ತು. ಉಳಿದದ್ದು ಎಲ್ಲಿಂದ ಬಂತು? ಒಂದು ದಾರಿ ನಮಗೆ ಗೊತ್ತಿದೆ. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆದ ಸಮೀಕ್ಷೆ 2006ರಲ್ಲಿ ಪುಸ್ತಕವಾಯ್ತು. ನೂರಕ್ಕೆ 33 ಹಳ್ಳಿಗಳಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡಲು ಒಪ್ಪುತ್ತಿರಲಿಲ್ಲ. ಲಸಿಕೆ ಬಂದಿರುತ್ತೆ, ಸೂಜಿ ಬಂದಿರುತ್ತೆ, ರಿಜಿಸ್ಟರಿನಲ್ಲಿ ಸಹಿ ಬಿದ್ದಿರುತ್ತೆ, ಹೊಸ್ತಿಲು ಮಾತ್ರ ದಾಟಿರಲ್ಲ. ಯಾವ ಆದಾಯದ ಕಲಮ್ಮಿನಲ್ಲಿ ಇದನ್ನ ಬರೀತೀರಿ?

ಜಾತಿ ಕೇಳೋದೇ ಜಾತಿವಾದ ಅನ್ನೋರಿಗೆ ಏನು ಹೇಳೋಣ? ಇಂಗ್ಲೆಂಡಿನಲ್ಲಿ ಸತ್ತವನ ಕಸುಬು ಬರೆದದ್ದರಿಂದ ವರ್ಗಭೇದ ಹುಟ್ಟಲಿಲ್ಲ, ಇದ್ದದ್ದು ಕಂಡಿತು ಅಷ್ಟೆ. ನಮ್ಮ ಮರಣ ನೋಂದಣಿ ಅರ್ಜಿಯಲ್ಲಿ ಧರ್ಮದ ಕಲಂ ಇದೆ, ಕಸುಬಿನ ಕಲಂ ಇದೆ, ಜಾತಿಯದಿಲ್ಲ. ಬದುಕಿದ್ದಾಗ ಹೆಜ್ಜೆಹೆಜ್ಜೆಗೂ ಜಾತಿ, ಸತ್ತಾಗ ಮಾತ್ರ ನಾವು ಬರೀ ಹಿಂದೂಗಳು. ಎಲ್ಲ ಜಾತಿಗಳನ್ನೂ ಎಣಿಸಿದ ಜನಗಣತಿ 1931ರದೇ ಕೊನೆ. ಮುಂದಿನ ಜನಗಣತಿಯಲ್ಲಿ ಜಾತಿ ಎಣಿಸ್ತೀವಿ ಅಂತ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ಹೇಳಿತು. ತಲೆ ಎಣಿಸಿದರೆ ಸಾಲದು, ಸಾವಿನ ರಿಜಿಸ್ಟರಿನಲ್ಲೂ ಎಣಿಕೆ ಬರಬೇಕು.

ಹಾಗಂತ ಅಳೆಯುವವರನ್ನೆಲ್ಲ ನಂಬಬೇಕಾಗಿಲ್ಲ. ರಿಸ್ಲೆ ಅನ್ನೋ ಬ್ರಿಟಿಷ್ ಅಧಿಕಾರಿ, 1901ರ ಜನಗಣತಿಯ ಮುಖ್ಯಸ್ಥ, ನಮ್ಮ ಜನರ ಮೂಗಿಗೆ ಅಳತೆಪಟ್ಟಿ ಹಿಡಿದು ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಸಿದ್ಧಾಂತ ಮಾಡಿದವನು. ಜಾತಿವಾರು ಕಾಯಿಲೆ ಅಂಕಿ ಸಿಕ್ಕರೆ ಇವರ ಮೈಯೇ ಹೀಗೆ ಅನ್ನೋರು ಇವತ್ತೂ ಹುಟ್ಟಿಕೊಳ್ತಾರೆ. ನಮ್ಮ ಮೈಯನ್ನ ಅಳೆಯೋದು ಬೇಡ, ನಮಗೆ ಏನು ಮಾಡಿದ್ದಾರೆ ಅನ್ನೋದನ್ನ ಅಳೀರಿ. ಆಸ್ಪತ್ರೆ ಮಂಚದ ಮೇಲೆ ಜಾತಿ ಬರೆದು ತೂಗುಹಾಕೋದೂ ಬೇಡ. ಗುಟ್ಟಾಗಿ ಕೇಳಿ, ಲೆಕ್ಕದಲ್ಲಿ ಬಹಿರಂಗ ಮಾಡಿ.

ಮತ್ತೊಂದು, ಇದು ನಮ್ಮೊಳಗಿನ ಮಾತು. ಪರಿಶಿಷ್ಟ ಜಾತಿ ಅಂತ ಒಂದೇ ಚೌಕದಲ್ಲಿ ಗುರುತು ಹಾಕಿದರೆ ಕರ್ನಾಟಕದ 101 ಜಾತಿಗಳೂ ಅದರಲ್ಲಿ ಕರಗಿಹೋಗ್ತವೆ. ಒಳಮೀಸಲಾತಿಗಾಗಿ 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿತು. ನೌಕರಿಯ ಪಾಲು ಯಾರಿಗೆ ಎಷ್ಟು ಅಂತ ಎಡಗೈಯವರು, ಬಲಗೈಯವರು, ಅಲೆಮಾರಿಗಳು ಜಗಳವಾಡಿಯಾದರೂ ಕೇಳಿದೆವು. ಮಕ್ಕಳ ಸಾವಿನಲ್ಲಿ ಯಾರ ಪಾಲು ಎಷ್ಟು ಅಂತ ಕೇಳಿದ್ದು ಕಡಿಮೆ. ಚರ್ಮ ಹದ ಮಾಡುವ ಮನೆಯ ಕೆಮ್ಮು, ಬೀದಿ ಗುಡಿಸುವವಳ ಕೆಮ್ಮು, ಟೆಂಟಿನಲ್ಲಿ ಮಲಗುವ ಮಗುವಿನ ಕೆಮ್ಮು ಮೂರೂ ಒಂದೇ ಅಲ್ಲ.

ಕೊನೆಗೆ, ಫಾರಂ ಹಿಡಿದು ಹೋಗುವ ಗೆಳೆಯ ಗೆಳತಿಯರಿಗೆ. ಕಾಲೇಜು ಕೊಟ್ಟ ಫಾರಂ ಅನ್ನ ಅವರು ಹೇಳಿದ ಹಾಗೇ ತುಂಬಿ, ಅಂಕ ಕಳಕೋಬೇಡಿ. ಅದರ ಜೊತೆಗೆ ನಿಮ್ಮದೇ ಒಂದು ಹಾಳೆ ಇಟ್ಟುಕೊಳ್ಳಿ. ಮನೆಯವರನ್ನ ಕೇಳಿ, ಅವರು ಒಪ್ಪಿದರೆ ಮಾತ್ರ ಬರೀರಿ. ಅವರು ತಮ್ಮ ಜಾತಿಯನ್ನ ಯಾವ ಹೆಸರಿನಿಂದ ಹೇಳ್ತಾರೋ ಅದೇ ಹೆಸರು. ಮನೆ ಊರೊಳಗೋ ಕೇರಿಯಲ್ಲೋ. ನೀರು ಎಲ್ಲಿಂದ, ಎಷ್ಟು ದೂರ, ಹೊರೋರು ಯಾರು. ಗಂಡಸಿನ ಕೆಲಸ, ಹೆಂಗಸಿನ ಕೆಲಸ ಬೇರೆ ಬೇರೆ. ಕೂಲಿ ಅಂತ ಬರೀಬೇಡಿ, ಏನು ಕೂಲಿ, ಯಾರ ಹೊಲ, ಎಷ್ಟು ದಿನ ಅಂತ ಬರೀರಿ. ನರ್ಸಮ್ಮ, ಆಶಾ ಕಾರ್ಯಕರ್ತೆ ಮನೆಯೊಳಗೆ ಬಂದು ಕೂರ್ತಾರಾ, ಅಂಗಳದಲ್ಲೇ ನಿಲ್ತಾರಾ, ಕೇರಿಯ ಬಾಯಲ್ಲಿ ನಿಂತು ಕರೀತಾರಾ. ಹಿಂದಿನ ಐದು ವರ್ಷದಲ್ಲಿ ಆ ಮನೆಯಲ್ಲಿ ಸತ್ತವರು ಯಾರು, ಎಷ್ಟು ವಯಸ್ಸು, ಎಲ್ಲಿಗೆ ಹೊತ್ತುಕೊಂಡು ಹೋಗಿದ್ದರು, ಅಲ್ಲಿ ಯಾರು ಮುಟ್ಟಿ ನೋಡಿದರು.

ಹೆಸರು ಬೇಡ, ಮನೆ ನಂಬರು ಬೇಡ. ತಾಲ್ಲೂಕು, ತಾರೀಕು ಇದ್ದರೆ ಸಾಕು. ಹಾಳೆಗಳನ್ನ ಮುಂದಿನ ತಿಂಗಳ ಸಭೆಗೆ ತನ್ನಿ, ಕೂತು ಎಣಿಸೋಣ. ಒಳ್ಳೆ ಕಾಗದ ಇಲ್ಲದಿದ್ದರೆ ನೋಟ್‌ಬುಕ್ಕಿನ ಹಾಳೆ ಹರಿದರೂ ಆದೀತು.